ಬೆವರು ಮುಟ್ಟಿ ನೋಡುವ ಕೈ

ಹೊರಗೆ ಇನ್ನೂ ನಸುಗತ್ತಲು. ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ, ಹಿಂದೆ ಮುರಿದ ಮಂಚಗಳನ್ನು ಪೇರಿಸಿಡುತ್ತಿದ್ದ ಕೋಣೆಯಲ್ಲಿ, ಆಗಲೇ ಟ್ಯೂಬ್‌ಲೈಟ್ ಹತ್ತಿದೆ. ನಿಂತಲ್ಲೇ ತುಳಿಯುವ ಆರು ಸೈಕಲ್ಲುಗಳು, ಅವುಗಳ ಮೇಲೆ ಸಕ್ಕರೆ ಕಾಯಿಲೆಯ ಆರು ಮಂದಿ. ನೀಲಿ ಏಪ್ರನ್ ತೊಟ್ಟ ಹೆಂಗಸೊಬ್ಬರು ಒಬ್ಬೊಬ್ಬರ ಬೆನ್ನ ಹಿಂದೆಯೂ ಹೋಗಿ ನಿಂತು ಅವರ ಕುತ್ತಿಗೆಗೆ ಅಂಗೈ ಒತ್ತುತ್ತಾರೆ. "ಬೆಚ್ಚಗಿದೆ, ತುಳೀರಿ" ಎಂದು ಮುಂದಿನವರತ್ತ ಹೋಗುತ್ತಾರೆ. ಸಾಲು ಮುಗಿದರೆ ಮತ್ತೆ ಮೊದಲಿನಿಂದ.

"ಟಿಕೆಟ್ ಚೆಕ್ ಮಾಡೋಕೆ ಇನ್ಸ್‌ಪೆಕ್ಟರ್ ಕೂಡ ಇಷ್ಟು ಸಲ ಬಸ್ ಹತ್ತುತ್ತಿರಲಿಲ್ಲ" ಎಂದು ಗೊಣಗುತ್ತಾರೆ ಎರಡನೇ ಸೈಕಲ್ಲಿನ ನಿವೃತ್ತ ಬಸ್ ಕಂಡಕ್ಟರ್. ಗೊಣಗುತ್ತಲೇ ಕುತ್ತಿಗೆ ಬಗ್ಗಿಸಿ ಕೊಡುತ್ತಾರೆ.

ಇಲ್ಲಿಗೆ ಬರುವವರೆಲ್ಲ ಈಕೆಯನ್ನು ಕರೆಯುವುದು ಬೆವರಕ್ಕ ಎಂದು. ಕೆಲಸ ಕೇಳಿದರೆ ಎರಡೇ ಮಾತಿನಲ್ಲಿ ಮುಗಿಸುತ್ತಾರೆ. "ಬೆವರಲ್ಲಿ ಎರಡು ಜಾತಿ. ದುಡಿದ ಬೆವರು ಬೆಚ್ಚಗಿರುತ್ತೆ. ಸಕ್ಕರೆ ಇಳಿದಾಗ ಬರೋ ಬೆವರು ತಣ್ಣಗೆ, ಹಿಂಡದೆ ಬಿಟ್ಟ ಬಟ್ಟೆ ಹಾಗೆ. ಕಣ್ಣಿಗೆ ಎರಡೂ ಒಂದೇ. ಮುಟ್ಟಿದ್ರೆ ಮಾತ್ರ ಗೊತ್ತಾಗೋದು." ತಣ್ಣಗಿದೆ ಅನ್ನಿಸಿದರೆ ಸೈಕಲ್ ನಿಲ್ಲಿಸಿ, ಬೆರಳಿಗೆ ಸೂಜಿ ಚುಚ್ಚಿ ಮೀಟರಿನಲ್ಲಿ ನೋಡುತ್ತಾರೆ. ಏಪ್ರನ್ ಜೇಬಿನಲ್ಲಿ ಗ್ಲೂಕೋಸ್ ಪುಡಿ ಸದಾ ಸಿದ್ಧ.

ಬಟ್ಟೆಯ ಹೋಲಿಕೆ ಸುಮ್ಮನೆ ಬಂದದ್ದಲ್ಲ. ಬೆವರಕ್ಕ ಮೊದಲು ಇದೇ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದರು. ಒಣಗಿತೋ ಇಲ್ಲವೋ ಎಂದು ಅಂಗೈಯಲ್ಲೇ ಅಳೆದು ಅಭ್ಯಾಸ. ಅವರನ್ನು ಆ ಕೆಲಸದಿಂದ ಈ ಕೋಣೆಗೆ ಎಳೆದು ತಂದದ್ದು ಕೊನೆಯ ಸೈಕಲ್ಲಿನ ಮೇಲೆ ಕೂತಿರುವ ಮನುಷ್ಯ, ಅವರ ಗಂಡ.

ಗಂಡ ದರ್ಜಿ. ಬೆಳಗಿನಿಂದ ಸಂಜೆಯವರೆಗೆ ಕೂತೇ ಇರುವ ಕಸುಬು, ಮೈತುಂಬ ಸಕ್ಕರೆ, ದಿನವೂ ಇನ್ಸುಲಿನ್ ಚುಚ್ಚುಮದ್ದು. ಸೈಕಲ್ ತುಳಿಯಿರಿ ಎಂದು ಡಾಕ್ಟರ್ ಹೇಳಿದಾಗ ದರ್ಜಿ ನಕ್ಕಿದ್ದರಂತೆ. ಬೆವರಕ್ಕ ನೆನೆಯುತ್ತಾರೆ: "ಹುಟ್ಟಿದಾಗಿಂದ ಮಿಷನ್ ತುಳೀತಿದೀನಿ, ಇದೇನು ಮಹಾ ಅಂದ್ರು. ಹಟಕ್ಕೆ ಬಿದ್ದು ತುಳಿದ್ರು. ಮೈ ಹಗುರಾಯ್ತು ಕಣೇ ಅಂತ ಮನೆಗೆ ಬಂದು ಹೇಳೋರು. ಮೆಟ್ಟಿಲು ಹತ್ತಿದ್ರೂ ಏದುಸಿರಿಲ್ಲ."

ಮೈ ಹಗುರಾದದ್ದು ಸುಳ್ಳಲ್ಲ. ಪತ್ರಿಕೆಗೆ ಬರೆಯಲು ಬಂದ ನನಗೆ ಡಾಕ್ಟರ್ ಬಿಡಿಸಿ ಹೇಳುತ್ತಾರೆ: ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಬಿಡದೆ ಕೆಲವು ವಾರ ದುಡಿಸಿದರೆ ಇನ್ನೂ ಚೆನ್ನಾಗಿ ಕಲಿಯುತ್ತದೆ, ಮೊದಲಿಗಿಂತ ಕಡಿಮೆ ಇನ್ಸುಲಿನ್ನಿನಲ್ಲೇ ಕೆಲಸ ಸಾಗಿಸುತ್ತದೆ. ಆಗ ಚುಚ್ಚಿಕೊಳ್ಳುವ ಪ್ರಮಾಣವನ್ನೂ ಇಳಿಸಬೇಕು. ದರ್ಜಿ ಇಳಿಸಲಿಲ್ಲ, ಇಳಿಸಿ ಎಂದು ಹೇಳುವವರೂ ಸಮಯಕ್ಕೆ ಸಿಗಲಿಲ್ಲ. ಸಾಲದ್ದಕ್ಕೆ ತೊಡೆಗೆ ಚುಚ್ಚಿಕೊಂಡು ಅದೇ ಕಾಲಲ್ಲಿ ತುಳಿಯಲು ಕೂರುತ್ತಿದ್ದರು. ತುಳಿಯುವ ಕಾಲಿನಿಂದ ಮದ್ದು ಬೇಗ ರಕ್ತಕ್ಕೆ ಸೇರುತ್ತದೆ.

"ಮೈ ಕಲೀತು. ಮದ್ದಿನ ಚೀಟಿ ಹಳೇದೇ ಉಳೀತು" ಎನ್ನುತ್ತಾರೆ ಬೆವರಕ್ಕ. ದನಿ ಏರುವುದಿಲ್ಲ.

ಅನಾಹುತವಾದ ದಿನ ದರ್ಜಿಯ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು. ಪಕ್ಕದವರು ಚಪ್ಪಾಳೆ ತಟ್ಟಿದರು. ಬೆವರು ಹರಿಸಲೆಂದೇ ಬಂದವರ ನಡುವೆ ಬೆವರಿಗೆ ಹೆದರುವವರು ಯಾರು? ದರ್ಜಿ ಇಳಿದು ಬಂದು ಮೂಲೆಯ ಚಾಪೆಯ ಮೇಲೆ ಒರಗಿದರು. ಪಾಪ, ದಣಿದಿದ್ದಾರೆ, ಮಲಗಲಿ ಎಂದು ಯಾರೋ ಹೊದಿಕೆ ಹೊದಿಸಿ ಹೋದರು. ಮಧ್ಯಾಹ್ನ ಕಸ ಗುಡಿಸಲು ಬಂದವಳು ಎಬ್ಬಿಸಿದರೆ ಏಳಲಿಲ್ಲ. ಆಗ ಬೆವರಕ್ಕ ಕೆಳಗಿನ ಮಹಡಿಯಲ್ಲಿ ಬಟ್ಟೆ ಹಿಂಡುತ್ತಿದ್ದರು. ಯಾರನ್ನು ಬೈಯುವುದು? ಹೊದಿಕೆ ಹೊದಿಸಿದವರನ್ನೇ? ಕೇಳಿದ ನನಗೂ ಬೈಯಲು ಯಾರೂ ಸಿಗಲಿಲ್ಲ.

ಜೀವ ಉಳಿಯಿತು, ಮೆದುಳು ಉಳಿಯಲಿಲ್ಲ. ದರ್ಜಿಗೆ ಈಗ ಮಾತಿಲ್ಲ, ಹೆಂಡತಿಯ ಗುರುತಿಲ್ಲ, ತುತ್ತು ಬಾಯಿಗಿಟ್ಟರೆ ನುಂಗುತ್ತಾರೆ ಅಷ್ಟೆ. ಆದರೆ ಸೀಟಿನ ಮೇಲೆ ಕೂರಿಸಿ, ಎದೆಗೆ ಪಟ್ಟಿ ಕಟ್ಟಿ, ಪಾದಗಳನ್ನು ಪೆಡಲ್ ಮೇಲಿಟ್ಟರೆ ಕಾಲುಗಳು ತಾವಾಗಿಯೇ ತುಳಿಯತೊಡಗುತ್ತವೆ.

ಇಷ್ಟಾದ ಮೇಲೂ ತುಳಿಸುವುದೇಕೆ? "ಬಿಟ್ರೆ ಕಲಿತಿದ್ದೆಲ್ಲ ಕೆಲವೇ ವಾರಕ್ಕೆ ಹೋಗಿಬಿಡುತ್ತಂತೆ. ಸಕ್ಕರೆ ಏರುತ್ತೆ, ಕಾಲು ಸೊರಗುತ್ತೆ, ಮಲಗಿದಲ್ಲೇ ಹುಣ್ಣಾಗುತ್ತೆ. ತುಳಿಸಿದ್ರೆ ಸಕ್ಕರೆ ಮತ್ತೆ ಇಳಿದುಬಿಡುತ್ತೇನೋ ಅನ್ನೋ ಭಯ. ಅತ್ತ ದರಿ, ಇತ್ತ ಪುಲಿ. ಉಳಿದವರಿಗೆ ಬಾಯಿದೆ, ತಲೆ ಸುತ್ತುತ್ತೆ ಅಂತಾರೆ. ಇವರ ಬಾಯಿ ಅಂದ್ರೆ ನನ್ನ ಕೈ."

ಮೂರನೇ ಸಲ ನಾನು ಹೋದ ಬೆಳಗ್ಗೆ ಆ ಕೈ ತಪ್ಪುತ್ತದೆ.

ಬೆವರಕ್ಕ ಎಂದಿನಂತೆ ಗಂಡನ ಕುತ್ತಿಗೆ ಮುಟ್ಟಿ, "ಬೆಚ್ಚಗಿದೆ" ಎಂದುಕೊಂಡು ಕಂಡಕ್ಟರ್ ಬಳಿ ಬರುತ್ತಾರೆ. ಅವರ ಒದ್ದೆ ಕುತ್ತಿಗೆಗೂ ಅಂಗೈ ಒತ್ತಿ, "ಬೆಚ್ಚಗಿದೆ, ತುಳೀರಿ" ಎನ್ನುತ್ತಾರೆ.

"ಅಕ್ಕಾ, ನಾನಿನ್ನೂ ಶುರುನೇ ಮಾಡಿಲ್ಲ" ಎನ್ನುತ್ತಾರೆ ಕಂಡಕ್ಟರ್. "ಈಗ ತಾನೇ ನಲ್ಲಿ ನೀರಲ್ಲಿ ಮುಖ, ಕುತ್ತಿಗೆ ತೊಳ್ಕೊಂಡು ಬಂದೆ. ಐಸಿನ ಹಾಗಿದೆ ನೀರು."

ಬೆವರಕ್ಕ ತಮ್ಮ ಅಂಗೈಯನ್ನೊಮ್ಮೆ ನೋಡಿಕೊಳ್ಳುತ್ತಾರೆ. ಮರುಕ್ಷಣ ಕೊನೆಯ ಸೈಕಲ್ಲಿನತ್ತ ಓಡಿ, ಬಗ್ಗಿ, ಗಂಡನ ಕುತ್ತಿಗೆಗೆ ತಮ್ಮ ಕೆನ್ನೆ ಒತ್ತುತ್ತಾರೆ. "ತಣ್ಣಗಿದೆ. ಪಟ್ಟಿ ಬಿಚ್ಚಿ." ಕಂಡಕ್ಟರೂ ನಾನೂ ದರ್ಜಿಯನ್ನು ಇಳಿಸುತ್ತೇವೆ. ಮೀಟರಿನ ಅಂಕಿ ಕೇಳಿ ನರ್ಸ್ ಗ್ಲೂಕೋಸ್ ಏರಿಸಲು ಓಡಿ ಬರುತ್ತಾಳೆ. ಕೆಳಗೆ ಚಾಪೆಯ ಮೇಲೆ ಮಲಗಿಸಿದರೂ ದರ್ಜಿಯ ಕಾಲುಗಳು ಇನ್ನೂ ಗಾಳಿಯಲ್ಲಿ ತುಳಿಯುತ್ತಿವೆ.

ದರ್ಜಿ ಅವತ್ತು ಉಳಿದುಕೊಂಡರು. ಬೆವರಕ್ಕ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಾರೆ. ಅವರಿಗೂ ಸಕ್ಕರೆ ಇದೆ, ದರ್ಜಿಗಿಂತ ಹಳೆಯದು. ಮೊದಲು ಪಾದ ಜೋಮು ಹಿಡಿಯಿತು, ಆಮೇಲೆ ಬೆರಳ ತುದಿ. ಒಲೆಯ ಮೇಲಿನ ಪಾತ್ರೆ ಬರಿಗೈಲಿ ಎತ್ತಿ, ಚರ್ಮ ಸುಟ್ಟದ್ದು ಕಣ್ಣಿಗೆ ಕಂಡ ಮೇಲೆಯೇ ಗೊತ್ತಾದದ್ದು. "ಅಂಗೈವರೆಗೆ ಬಂದಿಲ್ಲ ಅಂದ್ಕೊಂಡಿದ್ದೆ. ಹೇಳಿದ್ರೆ ಈ ಕೋಣೆಯಿಂದ ತೆಗೀತಾರೆ. ಆಮೇಲೆ ಇವರನ್ನ ಮುಟ್ಟಿ ನೋಡೋರು ಯಾರು?"

ಬರೆಯಲೋ ಬೇಡವೋ ಎಂದು ಕೇಳುತ್ತೇನೆ. "ಬರೀರಿ. ಡಾಕ್ಟರಿಗೆ ಆಗಲೇ ಹೇಳಿಬಿಟ್ಟೆ. ನನ್ನ ಕೈ ನಂಬ್ಕೊಂಡು ಇನ್ನೊಬ್ಬಳ ಗಂಡ ಹೀಗಾಗೋದು ಬೇಡ."

ಈಗ ಉಳಿದವರ ಕುತ್ತಿಗೆ ಮುಟ್ಟಲು ಬೇರೊಬ್ಬ ಆಯಾ ಬಂದಿದ್ದಾಳೆ. ಬೆವರಕ್ಕನಿಗೆ ಸೈಕಲ್ ಒರೆಸುವ, ಚಾಪೆ ಹಾಸುವ ಕೆಲಸ. ದರ್ಜಿಯ ಇನ್ಸುಲಿನ್ ಇಳಿಸಿದ್ದಾರೆ, ತುಳಿಯುವ ಹೊತ್ತನ್ನೂ ಕಡಿಮೆ ಮಾಡಿದ್ದಾರೆ, ಹತ್ತುವ ಮೊದಲು ಮತ್ತು ಇಳಿದ ಮೇಲೆ ಮೀಟರಿನಲ್ಲಿ ನೋಡುತ್ತಾರೆ. ನಡುವಿನ ಹೊತ್ತು ಮಾತ್ರ ಹೆಂಡತಿಯದೇ. ಒರೆಸುವ ಬಟ್ಟೆ ಕೆಳಗಿಟ್ಟು, ಗಂಡನ ಭುಜ ಹಿಡಿದು ಬಗ್ಗಿ, ಕುತ್ತಿಗೆಗೆ ಕೆನ್ನೆ ಇಟ್ಟು ಕಣ್ಣು ಮುಚ್ಚುತ್ತಾರೆ. ಕಾಲುಗಳು ತುಳಿಯುತ್ತಲೇ ಇರುತ್ತವೆ.

"ಏನಕ್ಕಾ, ಬೆಳಬೆಳಗ್ಗೇನೇ ಗಂಡನಿಗೆ ಮುದ್ದು?" ಎಂದು ಕಂಡಕ್ಟರ್ ರೇಗಿಸುತ್ತಾರೆ. ಗೊತ್ತಿದ್ದೂ ರೇಗಿಸುತ್ತಾರೆ, ಅವರಿಗೂ ಬೇರೆ ದಾರಿ ತೋಚುವುದಿಲ್ಲ.

"ಹೊಸಬರೆಲ್ಲ ನಿಜವಾಗ್ಲೂ ಹಾಗೇ ಅಂದ್ಕೊಳ್ತಾರೆ. ಅಂದ್ಕೊಳ್ಳಲಿ ಬಿಡಿ" ಎನ್ನುತ್ತಾರೆ ಬೆವರಕ್ಕ. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಕೈಯ ಹಿಂಬದಿಯಿಂದ ಕೆನ್ನೆ ಒರೆಸಿಕೊಳ್ಳುತ್ತಾರೆ.

"ಇವರಿರೋ ತನಕ ಈ ಕೆನ್ನೆಗೆ ಜೋಮು ಬರದಿದ್ರೆ ಸಾಕು."