ನಗರ್‌ಕೋಟಿನ ಉಪ್ಪಿಟ್ಟು

ತೊಂಬತ್ತರ ದಶಕದ ಕೊನೆ. ನಾನು ಎಂ.ಎ. ಮುಗಿಸಿದ ವರ್ಷ, ದಸರಾ ಕಳೆದ ಮೇಲೆ, ಅಮ್ಮ ಮತ್ತು ನಾನು ಮೈಸೂರಿನ ವಿದ್ಯಾರಣ್ಯಪುರಂನಿಂದ ಹೊರಟ ಕಾಶಿ–ನೇಪಾಳ ಪ್ರವಾಸದ ಬಸ್ಸು ಹತ್ತಿದೆವು. ಅಮ್ಮನಿಗೆ ಕಾಶಿಯ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಹಿಮದ ಬೆಟ್ಟವನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಇದನ್ನು ನನಗೆ ಮಾತ್ರ ಹೇಳಿದ್ದಳು. ತೀರ್ಥಯಾತ್ರೆಯ ಬಸ್ಸಿನಲ್ಲಿ ಹೇಳಿಕೊಳ್ಳುವ ಮಾತಲ್ಲ ಅದು.

ನಮ್ಮ ಕಡೆಯ ಪ್ರವಾಸದ ಬಸ್ಸುಗಳು ಅಡುಗೆಯವರಿಲ್ಲದೆ ಊರು ಬಿಡುವುದಿಲ್ಲ. ಗ್ಯಾಸ್ ಒಲೆ, ಪಾತ್ರೆ, ಅಕ್ಕಿಮೂಟೆಯ ಜೊತೆಗೆ ನಮ್ಮಲ್ಲೂ ಒಬ್ಬ ಅಡುಗೆ ಭಟ್ಟರಿದ್ದರು. ಮೂರನೆಯ ದಿನ ಊಟದ ಹೊತ್ತಿನಲ್ಲಿ, ಹುಳಿಗೆ ಸ್ವಲ್ಪ ಇಂಗು ಬೇಕಿತ್ತೇನೋ ಎಂದು ಅಮ್ಮ ಮೆಲ್ಲಗೆ ಹೇಳಿದಳು. ಟೂರ್ ಮ್ಯಾನೇಜರ್ ಅದನ್ನು ಕೆಲಸದ ಅರ್ಜಿಯೆಂದೇ ತಿಳಿದರು. ಅವತ್ತಿನಿಂದ ಪ್ರತಿ ಊರಿನಲ್ಲೂ “ಅಮ್ಮಾವ್ರೇ, ಒಂಚೂರು ಬಂದ್ಬುಡಿ” ಶುರುವಾಯಿತು. ಇಲ್ಲ ಎನ್ನಲು ಅಮ್ಮನಿಗೆ ಬರುತ್ತಿರಲಿಲ್ಲ. ಅರ್ಧ ಉತ್ತರ ಭಾರತವನ್ನು ಅವಳು ತೆಂಗಿನಕಾಯಿ ತುರಿಯುತ್ತಲೇ ದಾಟಿದಳು.

ಹಿಂದಿನ ಸೀಟಿನಲ್ಲಿದ್ದ ನಿವೃತ್ತ ಹೆಡ್‌ಮಾಸ್ಟರಿಗೆ ನೇಪಾಳ ಹಿಡಿಸಲಿಲ್ಲ. ಸಮುದ್ರವೇ ಇಲ್ಲದ ದೇಶದಲ್ಲಿ ನೋಡುವುದಕ್ಕೆ ಏನಿದೆ ಎಂದು ಗಡಿಯಲ್ಲೇ ತೀರ್ಪು ಕೊಟ್ಟರು. ಮೈಸೂರಿಗೂ ಸಮುದ್ರವಿಲ್ಲವೆಂದು ನೆನಪಿಸುವಷ್ಟು ಸಲಿಗೆ ನನಗಿರಲಿಲ್ಲ. ಕಠ್ಮಂಡುವಿನ ಹಳೆಯ ಅರಮನೆಯ ಮುಂದೆ ನಿಂತು, “ಒಂದು ಬಲ್ಬೂ ಹಾಕಿಲ್ವಲ್ರೀ” ಎಂದು ಮರುಗಿದರು.

ಹಿಮದ ಬೆಟ್ಟ ಕಾಣುವುದು ಕಠ್ಮಂಡುವಿನಿಂದಾಚೆ ಗುಡ್ಡದ ಮೇಲಿರುವ ನಗರ್‌ಕೋಟಿನಲ್ಲಿ. ನಮಗೆ ಅಲ್ಲಿದ್ದದ್ದು ಎರಡೇ ಬೆಳಗು. ಮೊದಲನೆಯ ದಿನ ಬರೀ ಮಂಜು. ಎಲ್ಲರೂ ಮಂಜಿನ ಫೋಟೊ ತೆಗೆದುಕೊಂಡು ಬಂದು, ಅಮ್ಮ ಕಲಸಿದ ಅವಲಕ್ಕಿ ತಿಂದರು. ಎರಡನೆಯ ದಿನ ಆಕಾಶ ತಿಳಿಯಾಗಿತ್ತು. ತಿಂಡಿಯಾದ ಕೂಡಲೇ ಬಸ್ಸು ವಾಪಸ್ಸು ಹೊರಡಬೇಕಿತ್ತು. ಎಲ್ಲರೂ ಮಫ್ಲರ್ ಸುತ್ತಿಕೊಂಡು ಮೇಲಕ್ಕೆ ಹೊರಟರು. ಅಮ್ಮ ಹಸಿಮೆಣಸಿನಕಾಯಿಯ ಮುಂದೆ ಕೂತಳು.

ನಾನು ಅವಳ ಕೈಯಿಂದ ಚಾಕು ತೆಗೆದುಕೊಂಡೆ. ಉಪ್ಪಿಟ್ಟು ನಾನು ಮಾಡುತ್ತೇನೆ ಎಂದೆ.

“ನಿಂಗೆ ಬರಲ್ಲ ಕಣೆ.”

“ಗೊತ್ತು. ನೀನು ಹೋಗು.”

ನಲವತ್ತು ಜನರ ರವೆಗೆ ನೀರೆಷ್ಟು ಎಂದು ಎಂ.ಎ.ಯಲ್ಲಿ ಹೇಳಿಕೊಟ್ಟಿರಲಿಲ್ಲ. ಭಟ್ಟರು ಸೌಟು ಮುಟ್ಟದೆ, ಸಾವಿನ ಮನೆಗೆ ಬಂದವರಂತೆ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಕೊನೆಗೆ ಅದು ಚಾಕುವಿನಲ್ಲಿ ಕತ್ತರಿಸಿ ಹಂಚುವ ಹದಕ್ಕೆ ಬಂತು.

ಅಮ್ಮ ಇಳಿದು ಬಂದಾಗ ಮೂಗು ಕೆಂಪಾಗಿತ್ತು. ಹೇಗಿತ್ತು ಎಂದು ಕೇಳಿದೆ. ತುಸು ಯೋಚಿಸಿ, “ದೊಡ್ಡದು” ಎಂದಳು. ನನಗೆ ಸಿಕ್ಕ ವರ್ಣನೆ ಅಷ್ಟೇ. ಆ ಬೆಟ್ಟವನ್ನು ನಾನು ಇವತ್ತಿಗೂ ನೋಡಿಲ್ಲ.

ಮಧ್ಯಾಹ್ನ ದಾರಿಯಲ್ಲಿ ಅಡುಗೆಗೆ ಬಸ್ಸು ನಿಲ್ಲಿಸಿದಾಗ ಮ್ಯಾನೇಜರ್ ಅಮ್ಮನ ಕಿಟಕಿಯ ಬಳಿ ಬಂದರು. ಉಪ್ಪಿಟ್ಟಿನಿಂದ ಜನ ಸಿಟ್ಟಾಗಿದ್ದಾರೆ, ಅಮ್ಮಾವ್ರು ಇಳಿದು ಬಂದರೆ ಸರಿಹೋಗುತ್ತದೆ ಎಂದರು.

“ಇಲ್ಲ ಕಣಪ್ಪ, ನಾನು ಟೂರಿಗೆ ಬಂದಿರೋದು” ಎಂದಳು ಅಮ್ಮ.

ಅವತ್ತಿನ ಪಲ್ಯ ಸೀದುಹೋಗಿತ್ತು. ಅಮ್ಮ ಅದನ್ನು ಒಂದು ಮಾತೂ ಆಡದೆ ಎರಡು ಸಲ ಹಾಕಿಸಿಕೊಂಡಳು.