ಹಿಂದಿನ ಗಾಜಿಗೆ ಮೆತ್ತಿದ ಸೋಪು

ನಮ್ಮ ಚಿಕ್ಕಪ್ಪನ ಹಳೇ ಕಾರಿನ ಹಿಂದಿನ ಗಾಜಿಗಿದ್ದ ರಬ್ಬರು ಬಿರುಕು ಬಿಟ್ಟಿತ್ತು. ಚಾಮರಾಜನಗರಕ್ಕೆ ಹೋಗಿ ಹೊಸದು ಹಾಕಿಸು ಅಂದರೆ ಆ ಮಹಾನುಭಾವ ಕೇಳಬೇಕಲ್ಲ! ಪೆಟ್ರೋಲ್ ಟ್ಯಾಂಕು ಸೋರಿದರೆ ಸೋಪು ಮೆತ್ತುತ್ತಾರಲ್ಲ, ಹಾಗೇ ಬಟ್ಟೆ ಸೋಪನ್ನು ನಾದಿ ಬಿರುಕಿಗೆ ತುರುಕಿದ್ದ. ತೊಂಬತ್ತರ ದಶಕದ ಶುರು ಅದು. ಕುದೇರಿನ ಹತ್ತಿರದ ನಮ್ಮೂರಲ್ಲಿ ಕಾರಿದ್ದುದು ಅವನೊಬ್ಬನಿಗೇ, ಅವನಿಗೆ ಬುದ್ಧಿ ಹೇಳುವವರು ಯಾರು?

ಆ ಸಲದ ರೇಷ್ಮೆ ಬೆಳೆ ಅಮ್ಮನ ಪಾಲಿಗೆ ಕೊನೇ ಅವಕಾಶ. ಹಿಂದಿನ ಎರಡು ಬೆಳೆ ಕೆಟ್ಟಿದ್ದವು. ಹುಳ ಸತ್ತರೆ ನಮ್ಮ ಕಡೆ ಸಾಕಿದವಳ ಕೈಗುಣ ಸರಿಯಿಲ್ಲ ಅನ್ನುತ್ತಾರೆ. ಇದೂ ಕೆಟ್ಟರೆ ಹುಳದ ಮನೆ ಚಿಕ್ಕಮ್ಮನಿಗೆ ಅಂತ ಅಜ್ಜಿ ಹೇಳಿಬಿಟ್ಟಿದ್ದಳು. ಅಪ್ಪ ತಾಯಿಯ ಮಾತು ಮೀರುವವನಲ್ಲ. ಇಡೀ ಮನೆಯಲ್ಲಿ ಅಮ್ಮನ ಮಾತು ನಡೆಯುತ್ತಿದ್ದುದು ಆ ಒಂದು ಕೋಣೆಯಲ್ಲಿ ಮಾತ್ರ.

ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚಿನ ನಿದ್ದೆ. ಎದ್ದವೆಂದರೆ ರಾಕ್ಷಸ ಹಸಿವು. ನಮ್ಮ ತೋಟದ ಹಿಪ್ಪುನೇರಳೆ ಸೊಪ್ಪು ಮುಗಿದಿತ್ತು. ಅವು ಏಳುವ ದಿನ ಚಿಕ್ಕಪ್ಪನ ಜೊತೆ ನಾನೂ ಗುಂಡ್ಲುಪೇಟೆ ಕಡೆ ಹೋದೆ. ಹಿಂದಿನ ಸೀಟು ಕಿತ್ತು, ಸೊಪ್ಪು ಒಟ್ಟಿ, ಬಾಡದಿರಲಿ ಅಂತ ಎಂದಿನಂತೆ ಒದ್ದೆ ಗೋಣಿ ಹೊದಿಸಿದೆವು. ದಾರಿಯುದ್ದಕ್ಕೂ ಮಳೆ ಹುಯ್ಯಿತು. ಗೋಣಿ ಮೊದಲೇ ಒದ್ದೆ, ಹಾಗಾಗಿ ಕಾರು ಸೋರಿದ್ದು ನಮಗೆ ಗೊತ್ತೇ ಆಗಲಿಲ್ಲ.

ಮನೆಯಲ್ಲಿ ಗೋಣಿ ಎತ್ತಿದ ಅಮ್ಮ ಸೊಪ್ಪು ಮೂಸಿ ಹಾಗೇ ನಿಂತುಬಿಟ್ಟಳು. ಎಲೆಯ ಮೇಲೆಲ್ಲ ಸೋಪಿನ ನೊರೆ. ತೊಳೆದಳು, ಸೆರಗಿನಲ್ಲಿ ಒಂದೊಂದೇ ಎಲೆ ಒರೆಸಿದಳು, ಮತ್ತೆ ಮೂಸಿದಳು. ವಾಸನೆ ಹೋಗಲಿಲ್ಲ. ಇದನ್ನು ಹಾಕಬಾರದು, ಬೇರೆ ತರಬೇಕು ಅಂದಳು. ಈ ಮಳೆಯಲ್ಲಿ ಮತ್ತೆ ಹೋಗೋಕಾಗಲ್ಲ ಅಂದ ಚಿಕ್ಕಪ್ಪ. ಹುಳ ಆಗಲೇ ಎದ್ದು ತಲೆಯೆತ್ತಿ ತಡಕಾಡುತ್ತಿದ್ದವು. ಹಸಿದ ಜೀವದ ಶಾಪ ತಟ್ಟುತ್ತೆ, ಹಾಕು ಅಂತ ಅಜ್ಜಿ ಗದರಿದಳು. ಅಮ್ಮ ಹಾಕಿದಳು.

ಬೆಳಿಗ್ಗೆ ನೋಡಿದರೆ ತಟ್ಟೆ ತುಂಬ ಹಸಿರು ಕಕ್ಕಿಕೊಂಡು ಸತ್ತ ಹುಳ.

"ನಿನ್ ಕೈಗುಣನೇ ಸರಿಯಿಲ್ಲ ಕಣಮ್ಮಿ," ಅಂದಳು ಅಜ್ಜಿ. "ಹುಳದ ಮನೆ ಬೀಗದ ಕೈ ಕೊಟ್ಬುಡು."

"ಕಾರು ಸೋರ್ತು ಕಣಜ್ಜಿ," ಅಂದೆ ನಾನು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ. ಚಿಕ್ಕಪ್ಪ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಅಮ್ಮ ಸೊಂಟದಿಂದ ಬೀಗದ ಕೈ ತೆಗೆದು ಕೊಟ್ಟಳು.

ಆಮೇಲೆ ಚಿಕ್ಕಪ್ಪನೇ ತೆಪ್ಪಗೆ ಹೋಗಿ ಹೊಸ ರಬ್ಬರು ಹಾಕಿಸಿಕೊಂಡು ಬಂದ. ಆಯುಧಪೂಜೆಗೆ ಕಾರು ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದರು. ಹಿರಿಸೊಸೆ ಅಂತ ಪ್ರತಿ ವರ್ಷ ಕಾರಿಗೆ ಆರತಿ ಎತ್ತುತ್ತಿದ್ದವಳು ಅಮ್ಮ. ಆ ವರ್ಷವೂ ಒಳ್ಳೇ ಸೀರೆ ಉಟ್ಟು ಮುಂದೆ ಬಂದಳು. ಕಾರಿಗೆ ಏನೂ ಆಗದಿರಲಿ ಅಂತ ಅಜ್ಜಿ ಆರತಿ ತಟ್ಟೆಯನ್ನು ಚಿಕ್ಕಮ್ಮನ ಕೈಗೆ ಕೊಟ್ಟಳು.