ನನಗೇನೂ ಗೊತ್ತಾಗಲಿಲ್ಲ ಎಂದೆ

ನೆಲ ಅಲುಗಿತ್ತು. ನನಗೂ ಗೊತ್ತಾಗಿತ್ತು. ಒಂದು ಸಲವಲ್ಲ, ನಾಲ್ಕು ಸಲ. ನಾಲ್ಕು ಸಲವೂ ಹತ್ತನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು ಹಾಗೆಂದು ಹೇಳಿದಳು. ನಾಲ್ಕು ಸಲವೂ ನಾನು, ಅವಳ ಮಾಸ್ತರ, ನನಗೇನೂ ಗೊತ್ತಾಗಲಿಲ್ಲ ಎಂದೆ. ಬರೆದರೆ ಸರಿಹೋಗುತ್ತದೆ ಎಂದು ಇದನ್ನು ಬರೆಯುತ್ತಿಲ್ಲ. ಸರಿಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕುಳಿತಿದ್ದೇನೆ—

ನಾನು ಹುಟ್ಟಾ ಅಂಜುಬುರುಕ. ಆಳಂದದ ಮನೆಗೆ ಬೀಗ ಹಾಕಿ, ಬಸ್ ನಿಲ್ದಾಣದವರೆಗೆ ನಡೆದು, ಬೀಗ ಜಗ್ಗಿ ನೋಡಲು ಮತ್ತೆ ಮನೆಗೆ ಬರುವವನು. ಎರಡು ಸಲ ಸೀನಿದರೆ ಹೆಂಡತಿ ಮಕ್ಕಳ ಮುಂದಿನ ಗತಿ ಯೋಚಿಸುವವನು. ಇಂಥವನನ್ನು ಸಮಾಜ ವಿಜ್ಞಾನ ಕಲಿಸಲೆಂದು ಅಫಜಲಪುರ ತಾಲ್ಲೂಕಿನಲ್ಲಿ, ಕರಜಗಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಹಾಕಿದರು. ಆ ವರ್ಷವೇ ಅಲ್ಲಿ ಸಣ್ಣ ಸಣ್ಣ ಕಂಪನಗಳು ಶುರುವಾದವು. ದೊಡ್ಡದೇನಲ್ಲ. ಕಿಟಕಿಯ ಸರಳು ಗಿರ್ರೆನ್ನುವುದು, ಮೇಜಿನ ಮೇಲಿನ ಚಾಕ್‌ಪೀಸು ತಾನೇ ಉರುಳುವುದು, ನೆಲದೊಳಗೆ ಎಲ್ಲೋ ಲಾರಿ ಹೋದಂಥ ಸದ್ದು. ಮಕ್ಕಳಿಗೆ ವಾರದೊಳಗೆ ರೂಢಿಯಾಯಿತು. ಬೆಂಚಿನ ಮೇಲೆ ಪೆನ್ನಿನ ಟೊಪ್ಪಿಗೆ ನೇರ ನಿಲ್ಲಿಸಿ, ಯಾರದು ಮೊದಲು ಬೀಳುತ್ತದೆ ಎಂದು ಕಾಯುತ್ತಿದ್ದರು. ರೂಢಿಯಾಗದವನು ನಾನೊಬ್ಬನೇ.

ಮೊದಲ ಸಲ ಜೋರಾಗಿ ಅಲುಗುವ ಹಿಂದಿನ ದಿನವಷ್ಟೇ ನಾನು ಮಕ್ಕಳಿಗೆ ಪಾಠ ಹೇಳಿದ್ದೆ: ಓಡಬಾರದು, ಬೆಂಚಿನ ಕೆಳಗೆ ಕೂಡಬೇಕು, ತಲೆಯ ಮೇಲೆ ಕೈ ಇಟ್ಟುಕೊಳ್ಳಬೇಕು. ಮರುದಿನ ಸರಳು ಗಿರ್ರೆಂದದ್ದೇ ತಡ, ನಾನು ಧ್ವಜದ ಕಂಬದ ಹತ್ತಿರ ಇದ್ದೆ. ಕೈಯಲ್ಲಿ ಡಸ್ಟರ್, ಒಂದೇ ಕಾಲಲ್ಲಿ ಚಪ್ಪಲಿ. ತಿರುಗಿ ನೋಡಿದರೆ ಬಯಲಿನಲ್ಲಿ ನಾನೊಬ್ಬನೇ. ಮಕ್ಕಳು ಹೇಳಿಕೊಟ್ಟಂತೆ ಬೆಂಚಿನ ಕೆಳಗೆ ಶಿಸ್ತಿನಿಂದ ಕುಳಿತಿದ್ದರು.

"ಸರ, ನಮಗ ಕೆಳಗ ಕುಂಡ್ರಸಿ ನೀವ್ ಎಲ್ಲಿಗಿ ಹೊಂಟಿದ್ರಿ?" ಎಂದು ಶಿವಪುತ್ರನೆಂಬ ಹುಡುಗ ಕೇಳಿದ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಹೋಟೆಲಿಗೆ ಹೋದರೆ, "ಸರ, ಚಾದ ಕಪ್ಪು-ಬಸಿ ಅಲುಗ್ಯಾಡಾಕತ್ತದ, ಚಪ್ಪಲ್ ಹಾಕ್ಕೋರಿ ಲಗೂ!" ಸಹೋದ್ಯೋಗಿಗಳೂ ನಕ್ಕರು. ಅಂದು ನಿರ್ಧರಿಸಿದೆ, ಇನ್ನು ಭೂಮಿ ಬಾಯಿಬಿಟ್ಟರೂ ನನಗೆ ಗೊತ್ತಾಗಬಾರದು.

ಆ ಹುಡುಗಿ ನಸೀಮಾ, ಹಿಟ್ಟಿನ ಗಿರಣಿಯ ಮೆಹಬೂಬ್ ಸಾಬರ ಒಬ್ಬಳೇ ಮಗಳು. ಅವಳು ನರ್ಸ್ ಆಗಬೇಕೆಂಬುದು ಅವಳಿಗಿಂತ ಹೆಚ್ಚಾಗಿ ಅವಳಪ್ಪನ ಆಸೆ. ಒಂದು ಮಧ್ಯಾಹ್ನ ಮಕ್ಕಳು ನಕ್ಷೆ ತುಂಬುತ್ತಿದ್ದರು, ನಾನು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಗೋಡೆ ನನ್ನ ಬೆನ್ನನ್ನು ಮೆಲ್ಲಗೆ ತಳ್ಳಿತು. ಅದೇ ಕ್ಷಣ ನಸೀಮಾ ತಲೆಯೆತ್ತಿದಳು. ಇಬ್ಬರ ಕಣ್ಣೂ ಕೂಡಿದವು. ಅವಳು ಎದ್ದು ನಿಂತಳು.

"ಸರ, ಈಗ ಅಲುಗ್ಯಾಡ್ತ್ರಿ."

"ನನಗೇನೂ ಗೊತ್ತಾಗಲಿಲ್ಲ," ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. "ಗಿರಣಿ ಮನಿ ಹುಡುಗಿ ನೀ. ಹಿಟ್ಟಿನ ಜೋಡಿ ಗಿರಣೀನೂ ಮೈಗಿ ಮೆತ್ಕೊಂಡು ಬಂದೀದಿ."

ತರಗತಿ ಗೊಳ್ಳೆಂದಿತು. ಎಷ್ಟೋ ದಿನಗಳ ಮೇಲೆ ಅವರು ನಕ್ಕಿದ್ದು ನನ್ನನ್ನು ನೋಡಿ ಅಲ್ಲ, ಬೇರೆಯವರನ್ನು ನೋಡಿ. ಅದು ಎಷ್ಟು ಹಿತವಾಗಿತ್ತೆಂದರೆ—ಇದನ್ನೂ ಹೇಳಿಬಿಡಬೇಕು—ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ಅವಳು ಮಾತ್ರ ಕೂಡಲಿಲ್ಲ. "ಗಿರಣಿದು ಬ್ಯಾರೆ ಇರ್ತದ್ರಿ ಸರ. ಅದು ಅಂಗಾಲಿನಾಗ ಝುಂ ಅಂತದ. ಇದು ಒಂದ್ ಬಾಜೂದಿಂದ ನೂಕಿದಂಗ ಬರ್ತದ." ನನ್ನ ಬೆನ್ನಿಗೆ ಆದದ್ದೂ ಅದೇ. ಪುಸ್ತಕದಲ್ಲೂ ಇಷ್ಟು ಸ್ಪಷ್ಟವಾಗಿ ಬರೆದಿರಲಿಲ್ಲ. ಕೂಡು ಎಂದು ಗದರಿದೆ.

ಆಮೇಲೆ ಮೂರು ಸಲ. ಪ್ರತಿ ಸಲವೂ ಮೇಜಿನ ಅಂಚು ಗಟ್ಟಿಯಾಗಿ ಹಿಡಿದು, ಮುಖ ಕಲ್ಲು ಮಾಡಿಕೊಂಡು ನಿಂತೆ. ಉಳಿದ ಮಕ್ಕಳಿಗೆ ನಿಜವಾಗಿ ಗೊತ್ತಾಗಲಿಲ್ಲವೋ, ಅವಳಿಗಾದ ಗತಿ ನೋಡಿ ಬಾಯಿ ಮುಚ್ಚಿಕೊಂಡರೋ—ಈಗ ಕೇಳುವುದು ಯಾರನ್ನು? ನಾಲ್ಕನೆಯ ಸಲದ ನಂತರ ಅವಳು ವರಾಂಡದಲ್ಲಿ ನನ್ನ ಹಿಂದೆಯೇ ಬಂದಳು. ಸುತ್ತ ಯಾರೂ ಇರಲಿಲ್ಲ.

"ಖರೇ ಹೇಳ್ರಿ ಸರ. ನಿಮಗ ಏನೇನೂ ಆಗಲಿಲ್ಲೇನ್ರಿ?"

ಜಗಳವಾಡುವ ದನಿಯಲ್ಲ ಅದು. ಅಂಜಿದ್ದಳು. ಅಂಜಿಕೆಯ ಮುಖ ನನಗೆ ಗೊತ್ತಿಲ್ಲವೇ, ದಿನಾ ಕನ್ನಡಿಯಲ್ಲಿ ನೋಡುವವನಿಗೆ? "ಇಲ್ಲವ್ವ," ಎಂದು ಸ್ಟಾಫ್ ರೂಮಿಗೆ ನಡೆದೆ.

ವಾರದೊಳಗೆ ಮೆಹಬೂಬ್ ಸಾಬರು ಶಾಲೆಯ ಸ್ಟಾಫ್ ರೂಮಿಗೆ ಬಂದರು. ಹುಬ್ಬಿನ ಮೇಲೂ ಹಿಟ್ಟು.

"ಬೇಟಿ ಮನ್ಯಾಗೂ ಹಂಗೇ ಅಂತಾಳ್ರಿ ಸರ. ಗಿರಣಿ ಸದ್ದಿನಾಗ ನಮಗೇನೂ ತಿಳಿಯಂಗಿಲ್ಲ. ನಿಮ್ಮನ್ನ ಕೇಳಿದ್ರ ಖರೇ ತಿಳಿತದ ಅಂತ ಬಂದೆ. ಸಾಲ್ಯಾಗ ಅಲುಗ್ಯಾಡ್ತೇನ್ರಿ?"

ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಇಬ್ಬರು ಶಿಕ್ಷಕರ ಪೆನ್ನು ನಿಂತವು. ಆ ಎರಡು ಪೆನ್ನುಗಳಿಗೆ ಅಂಜಿ ಹೇಳಿದೆ: "ಇಲ್ರಿ. ಹುಡುಗಿಗೆ ತಲಿ ತಿರಗತದ ಕಾಣ್ತದ. ಒಮ್ಮೆ ಡಾಕ್ಟರಿಗೆ ತೋರಸ್ರಿ."

ಅವರು ಕೈಮುಗಿದರು. ಹೇಳಿದ್ದು ಚಲೋ ಆಯಿತು ಎಂದರು.

ಡಾಕ್ಟರರನ್ನು ನಾನು ದೂರುವುದಿಲ್ಲ. ಮಾಸ್ತರರು ಅಲ್ಲೇ ನಿಂತಿದ್ದರು, ಅವರಿಗೇನೂ ಆಗಿಲ್ಲ, ಹುಡುಗಿಗೆ ಮಾತ್ರ ಆಗುತ್ತದೆ ಎಂದು ಸಾಬರು ಒಪ್ಪಿಸಿದ್ದು ನನ್ನ ಮಾತನ್ನೇ. ಫಿಟ್ಸ್ ಬರುವ ಮುನ್ಸೂಚನೆ ಇರಬಹುದೆಂದು ಗುಳಿಗೆ ಶುರುವಾದವು. ನಸೀಮಾ ಬೆಂಚಿನ ಮೇಲೆಯೇ ತೂಕಡಿಸತೊಡಗಿದಳು. ಶಾಲೆಯ ದಾರಿಯಲ್ಲಿ ಕಾಲುವೆ ದಾಟಬೇಕಿತ್ತು. ನಡುವೆ ಬಿದ್ದುಗಿದ್ದಾಳೆಂದು ಹೆದರಿ ಅಪ್ಪ ಅವಳನ್ನು ಮನೆಯಲ್ಲೇ ಇರಿಸಿಕೊಂಡರು. ಅವಳು ಪರೀಕ್ಷೆಗೂ ಕೂಡಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನು ನಾನು. ಗಿರಣಿ ನನ್ನ ಕೋಣೆಯಿಂದ ಹತ್ತು ನಿಮಿಷದ ದಾರಿ. ಒಂದು ದಿನ ಹೋಗಿದ್ದರೆ—ಹೋಗಲಿಲ್ಲ. ವರ್ಗವಾಗಿ ಜೇವರ್ಗಿಗೆ ಬಂದೆ.

ವರ್ಷಗಳು ಕಳೆದವು. ಈಚೆಗೆ ಒಂದು ಬೆಳಿಗ್ಗೆ ಜೇವರ್ಗಿಯಲ್ಲೂ ನೆಲ ಅಲುಗಿತು. ಓಣಿಗೆ ಓಣಿಯೇ ಬೀದಿಯಲ್ಲಿತ್ತು. ಪಕ್ಕದ ಮನೆಯವರು, "ನಿಮಗೂ ತಿಳೀತೇನ್ರಿ ಸರ?" ಎಂದು ಕೇಳಿದರು. "ಹೌದ್ರಿ," ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಕೇಳಿದವರಿಗೆಲ್ಲ ಹೌದ್ರಿ, ಹೌದ್ರಿ ಎಂದೆ.

ಭಾನುವಾರ ಆ ಹಳ್ಳಿಯ ಬಸ್ ಹತ್ತಿ, ಇಳಿದು ನೇರ ಗಿರಣಿಗೆ ಹೋದೆ. ಗೊಬ್ಬೂರಿಗೆ ಮದುವೆಯಾಗಿ ಹೋಗಿದ್ದ ನಸೀಮಾ ಕೂಸಿನೊಂದಿಗೆ ತವರಿಗೆ ಬಂದಿದ್ದಳು. ನನ್ನನ್ನು ಕಂಡು ಎಷ್ಟು ಖುಷಿಪಟ್ಟಳೆಂದರೆ, ಅಲ್ಲಿಂದಲೇ ಓಡಿಬಿಡೋಣ ಅನ್ನಿಸಿತು.

"ಮೊನ್ನೆ ಗೊಬ್ಬೂರಾಗೂ ಆಯ್ತಂತ್ರಿ ಸರ," ಎಂದು ನಗುತ್ತ ಹೇಳಿದಳು. "ಎಲ್ಲಾರೂ ಹೊರಗ ಓಡ್ಯಾರ. ನಾ, ನನ್ನ ಫಿಟ್ಸ್ ಬ್ಯಾನಿ ಎದ್ದದ ಅಂತ ತಿಳ್ಕೊಂಡು ಕೂಸಿನ ತೊಡಿ ಮ್ಯಾಲ ಹಾಕ್ಕೊಂಡು ಒಳಗೇ ಕುಂತಿದ್ದೆ. ಅತ್ತಿ ಬಂದು ಜಗ್ಗಿಕೊಂಡು ಹೋದ್ರು."

ನಾನು ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ—ಗೋಡೆ, ಮೇಜಿನ ಅಂಚು, ನಾಲ್ಕೂ ಸಲ, ಸ್ಟಾಫ್ ರೂಮು. ಗಿರಣಿ ನಿಲ್ಲಿಸಿ ಬಂದ ಮೆಹಬೂಬ್ ಸಾಬರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ನಸೀಮಾ ಕೂಸಿನ ಅಂಗಿಯ ಗುಂಡಿ ಹಾಕಿದಳು. "ಬಿಡ್ರಿ ಸರ. ನನ್ನ ಸಮಾಧಾನಕ್ಕ ಹೇಳಾಕತ್ತೀರಿ."

"ಇಲ್ಲವ್ವ, ಖರೇನೇ—"

"ನೀವು ಅಂಥವರಲ್ರಿ. ಖರೇ ಇದ್ರ ಆವಾಗೇ ಹೇಳ್ತಿದ್ರಿ." ಗೋಡೆಯ ಗಡಿಯಾರ ನೋಡಿ ಎದ್ದಳು. "ಗುಳಿಗಿ ಟೈಮ್ ಆಯ್ತು. ಚಾ ಕುಡದೇ ಹೋಗ್ಬೇಕ್ರಿ ಮತ್ತ."

ಸಾಬರು ನಂಬಿದ್ದರು. ಬಯ್ಯಲಿಲ್ಲ, ಬಡಿಯಲೂ ಇಲ್ಲ. ಒಳಗೆ ಹೋಗಿ, ಒಂದು ಕಾಳನ್ನೂ ಹಾಕದೆ ಗಿರಣಿ ಚಾಲೂ ಮಾಡಿದರು. ಆ ಸದ್ದಿನಲ್ಲಿ ಚಹಾ ಕುಡಿದೆ.

ಗುಳಿಗೆ ನಿಲ್ಲಿಸು ಎನ್ನಲು ನಾನು ಯಾರು? ಇಷ್ಟು ವರ್ಷದ ಮೇಲೆ ಅವಳಿಗೆ ಬೇನೆ ಇದೆಯೋ, ಇಲ್ಲವೋ, ನಾನೇ ತಂದೆನೋ, ನನಗೆ ಗೊತ್ತಿಲ್ಲ. ಕಲಬುರಗಿಯ ದೊಡ್ಡ ಡಾಕ್ಟರರ ಹತ್ತಿರ ಹೋಗೋಣ, ಅಂದು ನಾನು ಹೇಳಿದ್ದು ಸುಳ್ಳು ಎಂದು ಅವರೆದುರು ನಾನೇ ಹೇಳುತ್ತೇನೆ, ಎಂದೆ. ಮರು ಭಾನುವಾರವೂ ಹೋಗಿ ಕೇಳಿದೆ. ನಾಳೆ ಮತ್ತೆ ಹೋಗುತ್ತೇನೆ.

ಅವಳು ಇನ್ನೂ ಹೂಂ ಅಂದಿಲ್ಲ.